ನಾನು ತೆಗೆಸಿದ ದನಿ

ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ ಹೊದಿಸಿ, ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಬಾಯಿ ಅಷ್ಟೊತ್ತೂ ಕಾಲುವೆ ನೀರಿನ ಸುದ್ದಿ ಮಾತಾಡುತ್ತಿರುತ್ತದೆ. ಹೀಗೆ ದಲ್ಲಾಳಿ ಕೆಲಸ ಮಾಡಿಯೇ ನಾನು ರಾಯಚೂರಿನಲ್ಲಿ ಮನೆ ಕಟ್ಟಿದೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಎದುರಿನವನ ಬೆರಳು ಮುಟ್ಟಿದರೆ ಸಾಕು, ಅವನು ಇನ್ನೆಷ್ಟು ಇಳಿಯುತ್ತಾನೆಂದು ತಿಳಿಯುತ್ತಿತ್ತು.

ಹೆಂಡತಿ ತೀರಿಕೊಂಡ ಮೇಲೆ ಅದು ನಿಂತುಹೋಯಿತು. ಟವೆಲ್ಲಿನ ಕೆಳಗೆ ಯಾರದೋ ಬೆರಳು ಇರುತ್ತಿತ್ತು, ಅಷ್ಟೇ. ಕಣ್ಣೀರು ಹಾಕಿದೆನೇ ಎಂದು ಕೇಳಿದರೆ, ಅದೂ ಇಲ್ಲ. ಅವಳು ಹೋದ ಮೂರನೆಯ ದಿನ ಶಾಮಿಯಾನದವನ ಜೊತೆ ಚೌಕಾಸಿ ಮಾಡಿದ್ದೆ. ಹೆಣ್ಣುಮಕ್ಕಳು ನನ್ನ ಮುಖ ನೋಡಿ ಒಳಗೆ ಹೋದರು. ಊಟ ಮಾಡುತ್ತಿದ್ದೆ, ಸಂತೆಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಜೊತೆಯ ದಲ್ಲಾಳಿಗಳು ನಗುತ್ತಿದ್ದರು: "ಸಾವ್ಕಾರ್ರು ಭಾಳ ಮೆತ್ತಗ ಆಗ್ಯಾರಪ್ಪೋ, ಕೇಳಿದ್ದ ರೇಟಿಗೆ ಹೂಂ ಅಂತಾರ!"

ನಮ್ಮದೊಂದು ವಾಟ್ಸಾಪ್ ಗುಂಪು ಇದೆ. ದಿನವೂ ಎತ್ತುಗಳ ಫೋಟೊ, ಹಲ್ಲಿನ ಫೋಟೊ, ಓಡಾಟದ ವಿಡಿಯೊ. ಒಂದು ಮಧ್ಯಾಹ್ನ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಗಿರಾಕಿಗಾಗಿ ಕಾಯುತ್ತ ಕೂತಿದ್ದಾಗ, ಆ ಫೋಟೊಗಳ ನಡುವೆ ಯಾರೋ ಒಂದು ಲಿಂಕ್ ಹಾಕಿದರು. ಹಿಂದೆಯೇ "ಸಾರಿ, ಬ್ಯಾರೆ ಗ್ರೂಪಿಗೆ ಕಳಿಸೋದಿತ್ತು" ಅಂದರು. ಬಂದದ್ದನ್ನು ತೆರೆಯದೆ ಬಿಡುವ ಮನುಷ್ಯ ನಾನಲ್ಲ. ಒಳಗೆ ವ್ಯಾಪಾರ ಇದ್ದರೂ ಇದ್ದೀತು.

ಅದು ಹಾಡುಗಳ ಬಗ್ಗೆ ಬರೆಯುವ ಒಂದು ಬ್ಲಾಗ್. ಸಿನಿಮಾದ ಹಾಡುಗಳಲ್ಲ. ತಾವೇ ಬರೆದು, ತಾವೇ ರಾಗ ಹಾಕಿ, ಮನೆಯಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ ಬಿಡುವ ಹುಡುಗ ಹುಡುಗಿಯರ ಹಾಡುಗಳು. ಇಂಥವರಿದ್ದಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬರೆಯುವವನು ಯಾರೋ, ಯಾವ ಊರಿನವನೋ. ಅವನ ಒಂದು ಗುಣ ಹಿಡಿಸಿತು: ಮೊದಲು ಐಬು ಹೇಳುತ್ತಿದ್ದ. "ಇವನ ಗಿಟಾರ್ ಶ್ರುತಿ ತಪ್ಪಿದೆ, ಆದರೂ ಕೇಳಿ" ಅನ್ನುತ್ತಿದ್ದ. ಮಾಲಿನ ಐಬನ್ನು ತಾನಾಗಿ ಹೇಳುವವನನ್ನು ನಂಬಬಹುದು. ಇದು ನನ್ನ ಅನುಭವ. ದಿನಕ್ಕೊಂದರಂತೆ ಅವನು ಹೇಳಿದ್ದನ್ನು ಕೇಳುತ್ತ ಹೋದೆ. ಕೆಲವು ಚೆನ್ನಾಗಿದ್ದವು, ಕೆಲವು ಚೆನ್ನಾಗಿರಲಿಲ್ಲ. ನನ್ನೊಳಗೆ ಏನೂ ಆಗಲಿಲ್ಲ.

ಆಮೇಲೆ ದೇವದುರ್ಗದ ಹುಡುಗಿಯೊಬ್ಬಳ ಹಾಡು ಬಂತು. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಎಂದು ಬರೆದಿದ್ದ. ಅವಳು ಚಿಕ್ಕವಳಿದ್ದಾಗ ತಾಯಿ ಪ್ರತಿ ವರ್ಷ ದುಡಿಯಲು ದೂರದ ಊರಿಗೆ ಹೋಗುತ್ತಿದ್ದಳಂತೆ. ಗಂಟು ಹೊತ್ತು ಬಸ್ಸು ಹತ್ತುವ ಆ ತಾಯಿಯ ಮೇಲಿನ ಹಾಡು. ಎರಡನೆಯ ಚರಣ ಮುಗಿಯುವಾಗ ಹಿಂದಿನಿಂದ, ಅಡುಗೆಮನೆಯ ಕಡೆಯಿಂದ ಇರಬೇಕು, ಒಂದು ಹೆಂಗಸಿನ ದನಿ:

"ಚಾ ಆರಾಕತ್ತದ!"

ಹುಡುಗಿ ನಿಲ್ಲಿಸುವುದಿಲ್ಲ. ಸಣ್ಣಗೆ ನಕ್ಕು, ಆ ನಗುವಿನಲ್ಲೇ ಮೂರನೆಯ ಚರಣ ಎತ್ತಿಕೊಳ್ಳುತ್ತಾಳೆ.

ನನ್ನ ಹೆಂಡತಿ ಮೂವತ್ತು ವರ್ಷ ಇದೇ ಮಾತು ಕೂಗಿದ್ದಾಳೆ, ಇದೇ ಬೇಸರದಲ್ಲಿ. ನಾನು ಫೋನಿನಲ್ಲಿ ಯಾರ ಜೊತೆಗೋ ಜಗ್ಗಾಡುತ್ತ "ಬಂದೆ, ಬಂದೆ" ಅನ್ನುತ್ತಿದ್ದೆ. ಸಿರವಾರಕ್ಕೆ ಹೋಗುವ ಬಸ್ಸಿನ ಕಿಟಕಿಯ ಪಕ್ಕ ಕೂತು ಆ ಹಾಡು ಕೇಳಿದಾಗ ಎದೆಯ ಹತ್ತಿರ ಏನೋ ಕದಲಿತು. ನೋವಲ್ಲ, ಜೋಮು ಹಿಡಿದ ಕಾಲಿಗೆ ರಕ್ತ ಹರಿದಂತೆ. ಮತ್ತೆ ಕೇಳಿದೆ. ಆ ದನಿ ಬಂದಾಗ ಮತ್ತೆ ಹಾಗೇ ಆಯಿತು. ಹತ್ತು ದಿನ ದಿನಾಲೂ ಕೇಳಿದೆ. ಇಡೀ ದಿನದಲ್ಲಿ ನಾನು ಬದುಕಿರುತ್ತಿದ್ದದ್ದು ಆ ಒಂದು ಕೂಗಿನಷ್ಟು ಹೊತ್ತು.

ಇಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಹುಡುಗಿಗೆ ಒಂದು ಉಪಕಾರ ಮಾಡೋಣ ಎನಿಸಿತು. ಬ್ಲಾಗಿನ ಕೆಳಗೆ ಕಾಮೆಂಟ್ ಬರೆದೆ: "ತಂಗಿ, ಹಾಡು ಒಳ್ಳೆಯ ಮಾಲು. ಆದರೆ ಸಂತೆಗೆ ಹೊಡೆದುಕೊಂಡು ಹೋಗುವ ಮೊದಲು ನಾವು ಎತ್ತಿನ ಮೈ ತೊಳೆಯುತ್ತೇವೆ, ಕೊಂಬು ಹೆರೆದು ಎಣ್ಣೆ ಹಚ್ಚುತ್ತೇವೆ. ನೀನೂ ಹಾಗೆ ಮಾಡು. ನಡುವೆ ಯಾರೋ ಕೂಗಿದ್ದನ್ನು ತೆಗೆದುಹಾಕು. ರಾಯಚೂರಿನಲ್ಲಿ ಸ್ಟುಡಿಯೊ ಇವೆ. ಹತ್ತು ಜನ ಕೇಳುವುದನ್ನು ಸಾವಿರ ಜನ ಕೇಳುತ್ತಾರೆ." ನನಗೇ ಬೇಕಾದದ್ದನ್ನು ನಾನೇ ಐಬೆಂದು ತೋರಿಸುತ್ತಿದ್ದೇನೆ ಎಂದು ಹೊಳೆಯಲಿಲ್ಲ. ಮಾಲು ನೋಡಿದ ಕೂಡಲೇ ಐಬಿನ ಮೇಲೆ ಬೆರಳಿಡುವುದು ರೂಢಿ. ಅವಳು ಕೈ ಮುಗಿದ ಚಿತ್ರವೊಂದನ್ನು ಹಾಕಿದಳು.

ಎರಡು ವಾರದ ಮೇಲೆ ಒಂದು ದಿನ ಎಂದಿನಂತೆ ಹಾಡು ಹಚ್ಚಿದೆ. ಎರಡನೆಯ ಚರಣ ಮುಗಿಯಿತು, ಮೂರನೆಯದು ಶುರುವಾಯಿತು. ನಡುವೆ ಒಂದು ಕೊಳಲು. ಫೋನ್ ಕೆಟ್ಟಿದೆಯೆಂದು ಆರಿಸಿ ಮತ್ತೆ ಹಚ್ಚಿದೆ. ಕೊಳಲೇ. ಕೆಳಗೆ ಜನ ಹೊಗಳಿದ್ದರು, ಬ್ಲಾಗಿನವನೂ ಈ ಸಲ ಐಬು ಹೇಳಿರಲಿಲ್ಲ.

ಹಳೆಯದು ಎಲ್ಲಿ ಎಂದು ಕೇಳಿ ಬರೆದೆ. "ನೀವ ಹೇಳಿದ್ರಲ್ರೀ ಅಣ್ಣಾರ, ಅದಕ್ಕ ತೆಗದೀನಿ. ಫೋನಿನ್ಯಾಗ ಜಾಗಾ ಇರಲಿಲ್ಲ, ಅಲ್ಲೂ ಅಳಿಸೀನಿ" ಎಂದು ಉತ್ತರ ಬಂತು. ಯಾಕೆ ಬೇಕು ಎಂದು ಕೇಳಿದಳು. ಮುಚ್ಚಿಡಲಿಲ್ಲ, ಹೆಂಡತಿಯ ವಿಷಯ ಬರೆದೆ. "ಮನಿಗಿ ಬರ್ರಿ, ಅವ್ವ ಇದ್ದಾಳ. ಮತ್ತ ಹಂಗ ಮಾಡೋಣಂತ" ಎಂದಳು.

ದೇವದುರ್ಗದ ಬಸ್ಸು ಹತ್ತಿದೆ. ಅವರದು ಎರಡು ಕೋಣೆಯ ಅಚ್ಚುಕಟ್ಟಾದ ಮನೆ, ಗೋಡೆಯ ಮೇಲೆ ಬುದ್ಧನ ಫೋಟೊ. ತಾಯಿ ಬಾಗಿಲಲ್ಲೇ ನಿಂತಿದ್ದರು.

"ನನ್ನ ದನಿ ತೆಗಿಸಿದ ಸಾವ್ಕಾರ್ರು ನೀವ ಏನ್ರಿ?"

"ತಪ್ಪಾತು ಯಕ್ಕಾ."

"ಜಗತ್ತೆಲ್ಲ ಕೇಳಾಕತ್ತಿತ್ತಂತ, ಒಂದ ಮಾತು ನಂದು. ಅದನ್ನೂ ಬಿಡಲಿಲ್ಲ ನೋಡ್ರಿ ನೀವು!" ಎಂದು ನಕ್ಕರು. "ಬರ್ರಿ, ಕೂಡ್ರಿ."

ಹುಡುಗಿ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಗಿಟಾರ್ ತೊಡೆಯ ಮೇಲಿಟ್ಟು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಎರಡನೆಯ ಚರಣ ಮುಗಿಯುವ ಮೊದಲೇ ಅಡುಗೆಮನೆಯಿಂದ, "ಚಾ ಆರಾಕತ್ತದ!"

"ಯವ್ವಾ, ಇನ್ನೂ ಸಾಲು ಮುಗಿದಿಲ್ಲ!"

"ನೀ ಕೈ ಮಾಡಿದಿ ಅಂತ ತಿಳಕೊಂಡೆ ಬೇ."

ಎರಡನೆಯ ಸಲ ಸರಿಯಾದ ಹೊತ್ತಿಗೇ ಬಂತು. ಆದರೆ ಶಾಲೆಯ ನಾಟಕದಲ್ಲಿ ರಾಜನನ್ನು ಕರೆಯುವ ಹಾಗೆ, ಎಳೆದು. ಮೂರನೆಯ ಸಲ ತಾಯಿಗೆ ನಗು ತಡೆಯಲಾಗಲಿಲ್ಲ. ನಾಲ್ಕನೆಯ ಸಲ ಎಲ್ಲವೂ ಸರಿ ಬಂತು. ಅದೇ ಮಾತು, ಅದೇ ಹೆಂಗಸು, ಅದೇ ಅಡುಗೆಮನೆ. ಹುಡುಗಿ ಕೂಡ ಸಣ್ಣಗೆ ನಕ್ಕಳು. ಎದೆಯ ಹತ್ತಿರ ಅದು ಮತ್ತೆ ಕದಲೀತೆಂದು ನಾನು ಕಾದುಕೊಂಡು ಕೂತಿದ್ದೆ. ಏನೂ ಕದಲಲಿಲ್ಲ.

"ಹಂಗ ಬಂತೇನ್ರೀ ಅಣ್ಣಾರ?" ಹುಡುಗಿ ಕೇಳಿದಳು. ತಾಯಿಯೂ ಬಾಗಿಲಿಗೆ ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದರು. ಒಂದು ತಾಸು ಇಬ್ಬರೂ ನನಗಾಗಿ ಕೂಗಿದ್ದರು, ಹಾಡಿದ್ದರು.

"ಬಂತವ್ವಾ," ಎಂದೆ. "ಅದಕ್ಕಿಂತ ಚಲೋ ಬಂತು."

ನೀವು ಇಂಥ ಹಾಡು ಹುಡುಕುವವರಾದರೆ ಒಂದು ಮಾತು ಹೇಳುತ್ತೇನೆ: ಇಷ್ಟವಾದದ್ದನ್ನು ಮೊದಲು ಫೋನಿಗೆ ಇಳಿಸಿಟ್ಟುಕೊಳ್ಳಿ, ಆಮೇಲೆ ಬೇಕಾದರೆ ಬುದ್ಧಿ ಹೇಳಿ. ಹೇಳದಿದ್ದರೂ ನಡೆಯುತ್ತದೆ.

ಹುಡುಗಿ ಆ ನಾಲ್ಕನೆಯದನ್ನು ನನ್ನ ಫೋನಿಗೆ ಕಳಿಸಿದಳು. ಹೊರಡುವಾಗ, ಹೊಸ ಹಾಡೊಂದು ಬರೆದಿದ್ದೇನೆ, ಕೇಳಿ ತಪ್ಪು ಹೇಳ್ರಿ ಎಂದಳು. ಕೇಳುತ್ತೇನೆ, ತಪ್ಪು ಮಾತ್ರ ಕೇಳಬೇಡ ಎಂದೆ. ನಿಂತುಕೊಂಡೇ ಕೇಳಿದೆ. ನಡುವೆ ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಅವಳು ನಿಲ್ಲಿಸಲು ನೋಡಿದಳು. ನಡೆಯಲಿ ಎಂದು ಕೈ ಮಾಡಿದೆ.