ಇರಲಿ ಅಂತ ತೆರೆದಿಟ್ಟ ವಿಂಡೋಗಳು

ಆಂಬ್ಯುಲೆನ್ಸ್ ಕರೆ ಕೇಂದ್ರದಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳನ್ನು ಎಲ್ಲರೂ ಜಿಗಣೆ ಎನ್ನುತ್ತಿದ್ದರು, ಎದುರಿಗೇ. ಅವಳಿಗೇನೂ ಬೇಜಾರಿಲ್ಲ. ಹಿಡಿದದ್ದನ್ನು ಬಿಡುವ ಜಾಯಮಾನವೇ ಅಲ್ಲ. ಮನೆಯಲ್ಲಿ ನಲ್ಲಿ ಸೋರಿದರೆ ಗಂಡ ಬಕೆಟ್ ಇಡುತ್ತಾನೆ. ಇವಳು ಸ್ಪ್ಯಾನರ್ ಹಿಡಿದು ಕೂತರೆ ಮುಗಿಯುವವರೆಗೆ ಯಾರ ಜೊತೆಯೂ ಮಾತಿಲ್ಲ.

ಈಗ ಬಂದದ್ದು ಅದಕ್ಕಿಂತ ದೊಡ್ಡ ತಲೆನೋವು. ಕರೆಗಳು ಮುತ್ತಿಕೊಂಡ ಹೊತ್ತಿಗೇ ಸರ್ವರ್ ಬೀಳುತ್ತಿತ್ತು. ಬಿದ್ದರೆ ಯಾವ ಗಾಡಿ ಎಲ್ಲಿದೆಯೆಂದು ಯಾರಿಗೂ ಕಾಣದು. ಪ್ರತಿ ಸಲವೂ ಮ್ಯಾನೇಜರ್ ಓಡಿಬಂದು ರೀಸ್ಟಾರ್ಟ್ ಮಾಡಿ, ಒಟ್ಟಿಗೆ ಎಷ್ಟು ಕನೆಕ್ಷನ್ ಇರಬಹುದೆಂಬ ಮಿತಿಯನ್ನು ಇನ್ನಷ್ಟು ಏರಿಸಿ, ಬೆವರು ಒರೆಸಿಕೊಳ್ಳುತ್ತಿದ್ದರು. ನಿನ್ನೆ ಸಂಜೆ ಬಿದ್ದಾಗ ಒಬ್ಬ ಮುದುಕನ ಮನೆಗೆ ಗಾಡಿ ತಡವಾಗಿ ಹೋಯಿತು. ಬದುಕಿಕೊಂಡ, ಪುಣ್ಯ!

ಇವತ್ತು ಸಂಜೆ ಬೀಳಲು ಬಿಡುವುದಿಲ್ಲ ಎಂದು ಜಿಗಣೆ ಹಲ್ಲು ಕಚ್ಚಿ ಕೂತಳು. ಸರ್ವರ್ ತಾನೇ ಬರೆದಿಡುವ ಲಾಗ್ ನೋಡಿದರೆ, ಮೆಮೊರಿ ಮುಗಿದು ಯಂತ್ರವೇ ಡೇಟಾಬೇಸಿನ ಕತ್ತು ಹಿಸುಕಿ ನಿಲ್ಲಿಸಿತ್ತು. ಒಂದೊಂದು ಕನೆಕ್ಷನ್ನೂ ಒಂದಿಷ್ಟು ಮೆಮೊರಿ ತಿನ್ನುತ್ತದೆ. ಮಿತಿ ಏರಿಸಿದ್ದೆಂದರೆ ತಿನ್ನುವ ಬಾಯಿಗಳನ್ನು ಹೆಚ್ಚಿಸಿದ್ದು, ಅಷ್ಟೇ. ಆದರೆ ಕರೆ ತೆಗೆದುಕೊಳ್ಳುವ ನಾಲ್ಕು ಜನಕ್ಕೆ ಇಷ್ಟೊಂದು ಕನೆಕ್ಷನ್ ಯಾಕೆ? ಎದ್ದು ಆಪರೇಟರುಗಳ ಕೋಣೆಗೆ ಹೋಗಿ ಸುಮ್ಮನೆ ಹಿಂದೆ ನಿಂತಳು.

ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಗಾಡಿಗಳನ್ನು ತೋರಿಸುವ ಒಂದೇ ಪುಟ ರಾಶಿ ರಾಶಿ ವಿಂಡೋಗಳಲ್ಲಿ ತೆರೆದಿತ್ತು. ಒಂದೊಂದೂ ಒಂದು ಕನೆಕ್ಷನ್ ಹಿಡಿದುಕೊಂಡಿತ್ತು.

"ಅಕ್ಕಾ, ಇದೇನಿದು ಸಂತೆ?" ಎಂದು ಹಿರಿಯ ಆಪರೇಟರನ್ನು ಕೇಳಿದಳು.

"ಒಂದು ನಿಂತ್ರೆ ಇನ್ನೊಂದಿರ್ಲಿ ಅಂತ ಕಣೇ. ನಿನ್ನ ಸರ್ವರ್ ನಂಬ್ಕೊಂಡು ಕೂತ್ರೆ ಮುಗೀತು ಕತೆ!"

ಸರ್ವರ್ ಬಿದ್ದೀತೆಂಬ ಭಯಕ್ಕೆ ತೆರೆದಿಟ್ಟ ವಿಂಡೋಗಳೇ ಅದನ್ನು ಬೀಳಿಸುತ್ತಿದ್ದವು. ಜಿಗಣೆ ಮಿತಿಯನ್ನು ಅರ್ಧಕ್ಕಿಂತ ಕೆಳಗಿಳಿಸಿ, ಇದ್ದ ಕನೆಕ್ಷನ್ನುಗಳನ್ನೇ ಎಲ್ಲರೂ ಸರದಿಯ ಮೇಲೆ ಬಳಸುವಂತೆ ಮಾಡಿದಳು.

"ಕಡಿಮೆ ಮಾಡ್ತಿದ್ದೀಯಾ? ತಲೆ ಕೆಟ್ಟಿದೆಯೇನಮ್ಮಾ?" ಮ್ಯಾನೇಜರ್ ಕೂಗಾಡಿದರು.

"ಜಾಸ್ತಿ ಮಾಡಿ ಮಾಡಿ ನೋಡಿದ್ದಾಯ್ತಲ್ಲ ಸರ್. ಇದೊಂದ್ಸಲ ನನ್ನ ಮಾತು ಕೇಳಿ."

ಸರದಿ ಉದ್ದವಾಗಬಾರದೆಂದರೆ ಹೆಚ್ಚುವರಿ ವಿಂಡೋಗಳನ್ನು ಮುಚ್ಚಲೇಬೇಕಿತ್ತು. ಉಳಿದವರು ಗೊಣಗುತ್ತಾ ಮುಚ್ಚಿದರು. ಅಕ್ಕ ಮಾತ್ರ ಜಗ್ಗಲಿಲ್ಲ.

"ನಿನ್ನೆ ಆ ಮುದುಕರ ಹೆಂಡ್ತಿ ಫೋನ್ ಮಾಡಿದ್ದು ನಂಗೆ. ಗಾಡಿ ಎಲ್ಲಿದೆಯಮ್ಮಾ, ಎಲ್ಲಿದೆಯಮ್ಮಾ ಅಂತ ಕೇಳ್ತಾನೇ ಇದ್ರು. ಏನಂತ ಹೇಳ್ಲಿ? ನಿದ್ದೆ ಬಂದಿಲ್ಲ ನಂಗೆ."

ಜಿಗಣೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ನಾನಿಲ್ಲೇ ಇರ್ತೀನಕ್ಕಾ. ಬಿದ್ರೆ ಫೋನ್ ನಂಗೆ ಕೊಡಿ, ಉತ್ತರ ನಾನು ಹೇಳ್ತೀನಿ."

ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಂದೊಂದಾಗಿ ಮುಚ್ಚುತ್ತಾ ಬಂದು ಒಂದನ್ನಷ್ಟೇ ಉಳಿಸಿಕೊಂಡಳು.

ಸಂಜೆ ಕರೆಗಳು ನುಗ್ಗಿದವು. ಅಕ್ಕನ ಫೋನಿನಲ್ಲಿ ಒಬ್ಬ ತಾಯಿ, ಮಗುವಿಗೆ ಉಸಿರು ಕಟ್ಟುತ್ತಿದೆ ಎನ್ನುತ್ತಿದ್ದಳು. ಹೊರಟ ಗಾಡಿ ಎಲ್ಲಿದೆಯೆಂದು ನೋಡುವಷ್ಟರಲ್ಲಿ ಪರದೆ ನಿಂತಿತು. ಅಕ್ಕನ ಕೈ ಹೊಸ ವಿಂಡೋ ತೆರೆಯಲು ಚಾಚಿತು. ಜಿಗಣೆಗೂ ತೆರೆದುಬಿಡೋಣ ಎನ್ನಿಸಿತು.

"ಬೇಡಕ್ಕಾ. ಸರದಿಯಲ್ಲಿದೆ. ಬರುತ್ತೆ."

ಕೈ ಅಲ್ಲೇ ನಿಂತಿತು. ಪರದೆಯ ಮೇಲೆ ಗಾಡಿಗಳೆಲ್ಲ ಮೂಡಿದವು.

"ಪಕ್ಕದ ಬೀದೀಲೇ ಇದೆಯಮ್ಮಾ, ಬಂದ್ಬಿಡ್ತು," ಎಂದಳು ಅಕ್ಕ ಫೋನಿಗೆ. "ಬಾಗಿಲು ತೆಗೆದಿಡಿ. ನಾನು ಲೈನಲ್ಲೇ ಇರ್ತೀನಿ."

ಆ ತುದಿಯಲ್ಲಿ ಗಾಡಿ ಬಂದು ನಿಂತ ಸದ್ದು ಕೇಳಿದ ಮೇಲೆಯೇ ಅವಳು ಕರೆ ಮುಗಿಸಿದಳು. ಮುಂದಿನ ಕರೆಗೆ ಕೈ ಚಾಚುತ್ತಾ, ತಿರುಗಿಯೂ ನೋಡದೆ ಹೇಳಿದಳು: "ಇನ್ನೂ ಯಾಕೆ ಕೂತಿದ್ದೀಯೇ? ಎದ್ದು ಮನೆಗೆ ಹೋಗು. ನಾನು ನೋಡ್ಕೋತೀನಿ."