ಒಂಬತ್ತು ಕಲ್ಲು, ಎರಡು ಹೆಸರು

ಬೆಳಗಿನ ಆರು ಗಂಟೆ, ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೆಂಟು ಡಿಗ್ರಿ ಚಳಿ. ಮೆಕ್ಕೆಜೋಳದ ಹೊಲಗಳ ನಡುವಿನ ಹಳೇ ಸ್ಮಶಾನದಲ್ಲಿ ಸುಹಾಸಿನಿ ಮಂಡಿಯೂರಿ ಕೂತು, ಮೆತ್ತನೆ ಬ್ರಷ್ಷಿನಿಂದ ಪುಟ್ಟ ಕಲ್ಲೊಂದನ್ನು ತೊಳೆಯುತ್ತಿದ್ದಾರೆ. ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಅಂಥವು ಸಾಲಾಗಿ ಒಂಬತ್ತಿವೆ. ‘ಮೈಸೂರಲ್ಲಿ ನಾನು ಸ್ಮಶಾನದ ಕಡೆ ತಲೆ ಹಾಕಿ ಮಲಗ್ದೋಳಲ್ಲ. ಈಗ ನೋಡಿ, ಕಾಫಿ ಕುಡಿಯೋಕೂ ಮುಂಚೆ ಇಲ್ಲಿಗೇ ಡ್ರೈವ್ ಮಾಡ್ಕೊಂಡು ಬರ್ತೀನಿ’ ಎನ್ನುತ್ತಾ ಬಕೆಟ್ಟನ್ನು ಮುಂದಿನ ಕಲ್ಲಿನತ್ತ ಸರಿಸುತ್ತಾರೆ.

ಅರವತ್ತೊಂದರ ಸುಹಾಸಿನಿ ಅಮೆರಿಕದ ಮಿಲ್‌ಬ್ರಾಂಚ್ ಟೌನ್‌ಶಿಪ್ಪಿನ ಪಾರ್ಟ್‌ಟೈಮ್ ಗುಮಾಸ್ತೆ. ಟೌನ್‌ಶಿಪ್ ಎಂದರೆ ನಮ್ಮ ಗ್ರಾಮ ಪಂಚಾಯ್ತಿಯ ಹಾಗೆ ಅಂದುಕೊಳ್ಳಿ. ನೇಪರ್‌ವಿಲ್ಲಿನ ತಮ್ಮ ಮನೆಯಿಂದ ಅಲ್ಲಿಗೆ ಮೂವತ್ತೆಂಟು ಮೈಲಿ. ಆರುನೂರ ನಲವತ್ತು ಮನೆಗಳಿಗೆ ತಿಂಗಳಿಗೊಮ್ಮೆ ಹೋಗುವ ಸುದ್ದಿಪತ್ರವನ್ನು ಹನ್ನೊಂದು ವರ್ಷದಿಂದ ಬರೆಯುವವರು, ಮುದ್ರಿಸುವವರು, ಕೈಯಲ್ಲೇ ಮಡಚಿ ಅಂಚೆಗೆ ಹಾಕುವವರು ಎಲ್ಲಾ ಇವರೊಬ್ಬರೇ. ಹಿಮ ಕರಗಿಸಲು ರಸ್ತೆಗೆ ಯಾವತ್ತು ಉಪ್ಪು ಹಾಕುತ್ತಾರೆ, ಉದುರಿದ ಎಲೆ ಯಾವತ್ತು ಸುಡಬಹುದು, ಯಾರ ನಾಯಿ ಕಳೆದಿದೆ, ಎಲ್ಲವೂ ಅದರಲ್ಲುಂಟು. ಬರೆದವರ ಹೆಸರೊಂದು ಇಲ್ಲ. ಗಂಡ ಉಪೇಂದ್ರ ‘ನಾಯಿ ಪೇಪರ್ ಎಡಿಟರ್’ ಎಂದು ರೇಗಿಸುತ್ತಾರೆ. ಮಡಚುವ ದಿನ ಮಾತ್ರ ತಾವೂ ಒಂದು ಕಟ್ಟು ಎಳೆದುಕೊಂಡು ಕೂರುತ್ತಾರೆ.

ಹಿಂಬದಿಯಲ್ಲಿ ಊರಿನ ಹಳೆಯ ಸಂಗತಿಗಳದೊಂದು ಅಂಕಣ. ಅದಕ್ಕೆ ಕಣಜ ಹೆರಾಲ್ಡ್ ಬ್ರಾಂಡ್ಟ್ ಎಂಬ ತೊಂಬತ್ಮೂರರ ರೈತ. ನೂರು ವರ್ಷದ ಹಿಂದೆ ಒಂದೇ ಚಳಿಗಾಲದ ಜ್ವರದಲ್ಲಿ ಹೋದ ಒಂಬತ್ತು ಮಕ್ಕಳನ್ನು ಈ ಕಲ್ಲುಗಳ ಕೆಳಗೆ ಮಲಗಿಸಿದ್ದಾರೆ. ಹೆರಾಲ್ಡರ ತಾಯಿ ಪ್ರತಿ ವರ್ಷ ಹೂವಿಡುತ್ತಾ ಒಂದೊಂದು ಕಲ್ಲಿನ ಮುಂದೂ ಮಗನಿಂದ ಹೆಸರು ಹೇಳಿಸುತ್ತಿದ್ದರಂತೆ. ಹಾಗಾಗಿ ಒಂಬತ್ತೂ ಅವರಿಗೆ ಬಾಯಿಪಾಠ. ಬರೆದಿಟ್ಟವರು ಯಾರೂ ಇಲ್ಲ. ‘ನೋಟ್‌ಬುಕ್ ತಗೊಂಡು ಬಾ, ಸಾಲಾಗಿ ಹೇಳ್ತೀನಿ’ ಎಂದು ಕಳೆದ ಜನವರಿಯಲ್ಲಿ ಅವರೇ ಕರೆದಿದ್ದರು.

ಫೆಬ್ರವರಿಯಲ್ಲಿ ಹೆರಾಲ್ಡ್ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಸುಹಾಸಿನಿ ಆರು ಗುರುವಾರ ತಪ್ಪದೆ ಹೋದರು. ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಒಯ್ದರು, ನೋಟ್‌ಬುಕ್ ಒಯ್ಯಲಿಲ್ಲ. ‘ಹಾಸಿಗೆ ಹಿಡಿದೋರ ಎದುರು ಸಾವಿನ ಮಾತು ಆಡ್ಬಾರ್ದು ಅಂತಲೇ ಬೆಳೆದೋಳು ನಾನು. ಬಾಯಿ ತಪ್ಪಿ ಅಂದ್ರೂ ಅಮ್ಮ ಬಿಡ್ತು ಅನ್ನು ಅಂತಿದ್ರು. ಎರಡು ಸಲ ಅವರೇ, ಆ ಮಕ್ಕಳು... ಅಂತ ಶುರು ಮಾಡಿದ್ರು. ನಾನೇ ಬಾಯಿ ಮುಚ್ಚಿಸ್ಬಿಟ್ಟೆ. ಮೊದ್ಲು ಹುಷಾರಾಗಿ, ಆಮೇಲೆ ಮಾತಾಡೋಣ ಅಂದೆ. ಒಳ್ಳೇದೇ ಮಾಡ್ತಿದೀನಿ ಅಂದ್ಕೊಂಡಿದ್ದೆ.’

ಏಳನೆಯ ಗುರುವಾರ ಬರುವ ಮುಂಚೆಯೇ ಹೆರಾಲ್ಡ್ ಹೋಗಿಬಿಟ್ಟರು. ಮಣ್ಣು ಮಾಡಿದ ದಿನ ಅವರ ಮಗಳು ಸುಹಾಸಿನಿಯ ಕೈ ಹಿಡಿದು, ಸಾರು ಅಪ್ಪನಿಗೆ ತುಂಬಾ ಇಷ್ಟವಾಗಿತ್ತು ಎಂದರಂತೆ. ಪ್ರತಿ ಬುಧವಾರ ಅಪ್ಪ ಕೇಳುತ್ತಿದ್ದರಂತೆ, ನಾಳೆ ಅವಳು ನೋಟ್‌ಬುಕ್ ತರುತ್ತಾಳಾ ಎಂದು. ಇದನ್ನು ಹೇಳುವಾಗ ಸುಹಾಸಿನಿ ಬ್ರಷ್ ಕೆಳಗಿಡುತ್ತಾರೆ.

ಆಮೇಲೆ ಅವರು ಕೈಕಟ್ಟಿ ಕೂತಿಲ್ಲ. ಊರಿನ ವಯಸ್ಸಾದವರ ಬಾಗಿಲನ್ನೆಲ್ಲ ತಟ್ಟಿದ್ದಾರೆ. ಚರ್ಚಿನ ಹಳೇ ಪುಸ್ತಕ ತಿರುವಿ ಎರಡು ಹೆಸರು ಹೆಕ್ಕಿದ್ದಾರೆ: ಆನಾ, ನಾಲ್ಕು ವರ್ಷ. ವಿಲಿಯಂ, ಹನ್ನೊಂದು ತಿಂಗಳು. ಯಾವ ಕಲ್ಲು ಯಾರದು ಎಂಬುದು ಮಾತ್ರ ತಿಳಿದಿಲ್ಲ. ಮಿಕ್ಕವರ ಹೆಸರು ಬಲ್ಲಿರಾ ಎಂದು ಸುದ್ದಿಪತ್ರದಲ್ಲಿ ಏಳು ತಿಂಗಳಿಂದ ಕೇಳುತ್ತಿದ್ದಾರೆ. ಉತ್ತರವಾಗಿ ಬಂದದ್ದು ಒಂದೇ ಫೋನು, ಅದೂ ಕಳೆದ ನಾಯಿ ಸಿಕ್ಕಿತೆಂದು ತಿಳಿಸಲು.

ಈಗ ಕಾಲ ಮೀರುತ್ತಿದೆ. ಸ್ಮಶಾನದ ಪಕ್ಕದ ರಸ್ತೆ ಅಗಲವಾಗಲಿದೆ. ಒಂಬತ್ತು ಕಲ್ಲುಗಳನ್ನೂ ತೆಗೆದು, ಸ್ಮಶಾನದ ಒಳಭಾಗದಲ್ಲಿ ಒಂದೇ ದೊಡ್ಡ ಕಲ್ಲು ನಿಲ್ಲಿಸುತ್ತಾರೆ. ನವೆಂಬರ್ ಹದಿನೈದಕ್ಕೆ ಕೆತ್ತುವವನು ಬರುತ್ತಾನೆ. ಎರಡು ಹೆಸರು ಹಾಕಿ, ಕೆಳಗೆ ‘ಏಳು ಮಕ್ಕಳು, ಹೆಸರು ಗೊತ್ತಿಲ್ಲ’ ಎಂದು ಒಂದು ಸಾಲು ಕೆತ್ತಿಸಿ ಮುಗಿಸೋಣ ಎನ್ನುವುದು ಟೌನ್‌ಶಿಪ್ ಬೋರ್ಡಿನವರ ಅಭಿಪ್ರಾಯ. ಎದುರು ಮಾತಾಡಿ ಅಭ್ಯಾಸವಿಲ್ಲದ ಸುಹಾಸಿನಿ ಮೊದಲ ಬಾರಿಗೆ ಬೇಡ ಎಂದು ಬರೆದುಕೊಟ್ಟಿದ್ದಾರೆ. ತೀರ್ಮಾನ ಮುಂದಿನ ಸೋಮವಾರದ ಮೀಟಿಂಗಿನಲ್ಲಿ.

ಒಂಬತ್ತನೆಯ ಕಲ್ಲಿನ ಮೇಲೆ ಉಳಿದ ನೀರು ಸುರಿದು ಅವರು ಮೆಲ್ಲಗೆ ಏಳುತ್ತಾರೆ. ಮಂಡಿಗೆ ಮಣ್ಣು ಮೆತ್ತಿದೆ.

‘ಏಳು ಸಾಲು ಖಾಲಿ ಬಿಡಿ ಅಂತ ಕೇಳಿದೀನಿ. ಎಂದಾದ್ರೂ ಸಿಕ್ಕಿದ್ರೆ ಬರೀಬಹುದು. ಗೊತ್ತಿಲ್ಲ ಅಂತ ಕಲ್ಲಿನ ಮೇಲೆ ಹೇಗ್ರೀ ಕೆತ್ತಿಸೋದು? ಗೊತ್ತಿತ್ತಲ್ಲ. ನಾನು ಕೇಳ್ಲಿಲ್ಲ, ಅಷ್ಟೇ.’