ಶಾಹಜಾನಬಿಯ ಬಲಗಾಲು

ನಮ್ಮ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಕಾಲು ನೋಯುತ್ತದೆ ಎನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಮರುದಿನ ಆ ಮಷಿನ್ನಿನ ಮುಂದೆ ಬೇರೆ ಯಾರೋ ಕುಳಿತಿರುತ್ತಾರೆ. ಸಿರುಗುಪ್ಪದಿಂದ ಸೊಸೆಯಾಗಿ ಬಂದ ಶಾಹಜಾನಬಿ ಇದನ್ನು ಬೇಗ ಕಲಿತಳು. ಅದಕ್ಕೇ ಬಲಗಾಲು ಜೋಮು ಹಿಡಿದು ಹೊಲಿಗೆ ಅಂಕುಡೊಂಕಾದಾಗ ಅವಳು ಬೈದದ್ದು ಪೆಡಲನ್ನು. ರಿಪೇರಿಯ ಎರ್ರಿಸ್ವಾಮಿ ಮತ್ತೆ ಮತ್ತೆ ಬಿಚ್ಚಿ ನೋಡಿ, "ಪೆಡಲ್ ಚಲೋ ಐತವ್ವಾ" ಎಂದರೆ ಅವನಿಗೂ ಬೈಗುಳ. ಪುಣ್ಯಾತ್ಗಿತ್ತಿಯ ಬಾಯಿಗೆ ಮಾತ್ರ ಎಂದೂ ಜೋಮು ಹಿಡಿಯಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮಷಿನ್ನಿನ ಕುರುಗೋಡು ಕೊಟ್ರಮ್ಮ ಚೀರಿದಳು. "ಏ ಶಾಹಜಾನಿ, ಕಾಲಾಗ ರಕ್ತ ನೋಡ!" ಪ್ಯಾಂಟಿನ ಗುಂಡಿಯ ಮೊಳೆ ಬರಿಗಾಲಿಗೆ ಹೊಕ್ಕಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಸ್ಕ್ಯಾನಿಂಗ್ ಮಾಡಿಸಿದರೆ ಬೆನ್ನುಹುರಿಗೆ ಅಂಟಿಕೊಂಡ ಕೊಬ್ಬಿನ ಗಡ್ಡೆ!

"ಕ್ಯಾನ್ಸರ್ ಅಲ್ಲ, ಭಾಳ ಅಪರೂಪದ ಗಡ್ಡಿ" ಎಂದರು ಡಾಕ್ಟರ್ ಅರುಣಾ. "ಬಿಟ್ರ ಕಾಲು ಬೀಳ್ತೈತಿ, ಮೂತ್ರದ ಹಿಡಿತಾನೂ ಹೋಗಬಹುದು. ಪೂರ್ತಿ ಕೀಳಾಕ ಹೋದ್ರ ನರಕ್ಕ ಪೆಟ್ಟು. ತೆಗಿಯಾಕ ಬರೋವಷ್ಟು ತೆಗೀತೀವಿ, ಹುರಿಗೆ ಅಂಟಿದ್ದು ಬಿಡ್ತೀವಿ."

"ನಡೀತಾಳೇನ್ರಿ?" ಗಂಡ ಖಾದರಸಾಬ್ ಕೇಳಿದ.

"ಮಾತು ಕೊಡಾಕ ಆಗಂಗಿಲ್ಲ."

ಆಪರೇಷನ್ ಮುಗಿಯುವವರೆಗೂ ಅವನು ಆಸ್ಪತ್ರೆಯ ಮುಂದೆ ತನ್ನ ಆಟೊದ ಗಾಜು ಒರೆಸುತ್ತಲೇ ಇದ್ದ. ಅಷ್ಟು ಹೆದರಿದ್ದ.

ಎಚ್ಚರವಾದ ಮೇಲೆ ಡಾಕ್ಟರು ಸೂಜಿ ಹಿಡಿದು ಬಂದರು. "ಕಣ್ಣು ಮುಚ್ಚವ್ವ. ಚುಚ್ಚಿದ್ದು ಗೊತ್ತಾದ ಕೂಡಲೇ ಹೇಳು."

"ಗೊತ್ತಾತ್ರಿ, ಚಲೋ ಗೊತ್ತಾತು."

"ನಾನಿನ್ನೂ ಮುಟ್ಟೇ ಇಲ್ಲ."

ಮಂಚದ ಪಕ್ಕದಲ್ಲಿದ್ದ ಖಾದರಸಾಬ್ ಅವಳ ಮುಖ ನೋಡಿದ. ಶಾಹಜಾನಬಿಯ ಮುಚ್ಚಿದ ಕಣ್ಣುಗಳಿಂದ ನೀರಿಳಿಯಿತು. "ಇಲ್ಲಂದ್ರ ಮಷಿನ್ ಬಿಡಿಸ್ತಾರ್ರಿ."

"ಇಲ್ಲಿ ಯಾವ ಮಷಿನ್ನೂ ಇಲ್ಲ. ಖರೇ ಹೇಳು."

ಹಿಮ್ಮಡಿಗೆ ಸೂಜಿ ತಾಗಿತು. ಅಂಗಾಲಿಗೆ ತಾಗಿತು.

"ಏನರ ಗೊತ್ತಾತೇನು?"

"ಇಲ್ರಿ" ಎಂದಳು, ಕಷ್ಟಪಟ್ಟು. ಖಾದರಸಾಬ್ ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರು ಸೂಜಿಯನ್ನು ಹೆಬ್ಬೆರಳಿಗೆ ಒತ್ತಿದರು.

"ಯವ್ವಾ! ನಿಮಗ ಕರುಣಾ ಐತೇನ್ರಿ? ನೋಯ್ತೈತಿ ನನಗ!"

ಇಷ್ಟು ವರ್ಷದ ಸಂಸಾರದಲ್ಲಿ ನೋಯ್ತೈತಿ ಎಂಬ ಮಾತನ್ನು ಖಾದರಸಾಬ್ ಅವಳ ಬಾಯಲ್ಲಿ ಕೇಳಿರಲಿಲ್ಲ.

"ಇನ್ನೊಮ್ಮೆ ಹೇಳ" ಎಂದ, ಗೊಳೋ ಎಂದು ಅಳುತ್ತಾ.